ಕವಿ ಕೇಳುತ್ತಿರುವುದು ದಾನವಲ್ಲ, ಲೆಕ್ಕ

2022ರ ಮಾರ್ಚ್‌ನಲ್ಲಿ ಹಿಂದಿ ಓದುಗರು ಒಂದು ಸಣ್ಣ ಮೊತ್ತ ನೋಡಿ ಬೆಚ್ಚಿಬಿದ್ದರು. ನಟ, ಲೇಖಕ ಮಾನವ್ ಕೌಲ್ ರಾಯಪುರದಲ್ಲಿ ಹಿಂದಿ ಕವಿ, ಕಾದಂಬರಿಕಾರ ವಿನೋದ್ ಕುಮಾರ್ ಶುಕ್ಲ ಅವರನ್ನು ಕಂಡು, ಆ ಬಗ್ಗೆ ಇನ್‌ಸ್ಟಾಗ್ರಾಂನಲ್ಲಿ ಬರೆದಿದ್ದರು. ಒಂದು ದೊಡ್ಡ ಪ್ರಕಾಶನದಿಂದ ಮೂರು ಪುಸ್ತಕಗಳಿಗೆ ಶುಕ್ಲರಿಗೆ ವರ್ಷಕ್ಕೆ ಬಂದದ್ದು 6,000 ರೂಪಾಯಿ. ಇನ್ನೊಂದರಿಂದ 8,000. ಎರಡೂ ಸೇರಿ 14,000. ತಿಂಗಳಿಗೆ ಹಂಚಿದರೆ 1,200 ರೂಪಾಯಿಯೂ ಇಲ್ಲ. ಆಗ ಶುಕ್ಲರಿಗೆ 85 ವರ್ಷ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1999ರಲ್ಲೇ ಬಂದಿತ್ತು. ಹಿಂದಿ ಬಲ್ಲವರೆಲ್ಲ ಅವರ ಕವಿತೆ ಓದಿದ್ದರು.

ದುಡ್ಡು ಕಡಿಮೆ ಬಂತು ಅನ್ನುವುದಕ್ಕಿಂತ ನನಗೆ ಜಾಸ್ತಿ ನೋವು ಕೊಟ್ಟದ್ದು ಬೇರೆ ಸಂಗತಿ. ಪತ್ರ ಬರೆದರೂ ಸರಿಯಾದ ಉತ್ತರ ಬರುವುದಿಲ್ಲ ಎನ್ನುವುದು ಶುಕ್ಲರ ದೂರಾಗಿತ್ತು. ಪ್ರಕಾಶಕರು ಆರೋಪ ಒಪ್ಪಲಿಲ್ಲ. ನಾವು ಕೊಡಬೇಕಾದ್ದು ಕೊಟ್ಟಿದ್ದೇವೆ ಎಂದರು. ಯಾರು ಸರಿ, ಯಾರು ತಪ್ಪು? ಹೊರಗಿನವರು ಹೇಳುವ ಹಾಗೇ ಇರಲಿಲ್ಲ. ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ಹೋಯಿತು ಎಂಬ ಲೆಕ್ಕ ಇದ್ದದ್ದು ಒಂದೇ ಕಡೆಯವರ ಕೈಯಲ್ಲಿ.

ಮುಂದೆ 2025ರ ಮಾರ್ಚ್‌ನಲ್ಲಿ ಅವರಿಗೆ ಜ್ಞಾನಪೀಠ ಪ್ರಶಸ್ತಿ ಪ್ರಕಟವಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೊಸ ತಲೆಮಾರಿನ ಪ್ರಕಾಶನವೊಂದು ರಾಯಪುರದಲ್ಲೇ ಸಮಾರಂಭ ಮಾಡಿ, ಅವರ ಒಂದು ಕಾದಂಬರಿಯ ರಾಯಲ್ಟಿ (ಮಾರಾಟದಲ್ಲಿ ಲೇಖಕರ ಪಾಲು) ಅಂತ 30 ಲಕ್ಷ ರೂಪಾಯಿಯ ಚೆಕ್ ಕೊಟ್ಟಿತು. ಜನ ಅದನ್ನೂ ನಂಬಲಿಲ್ಲ! ಇಷ್ಟು ಪ್ರತಿ ನಿಜಕ್ಕೂ ಹೋಗುತ್ತಾ ಎಂದು ಜಗಳ ಶುರುವಾಯಿತು. 14 ಸಾವಿರ ಅಂದಾಗಲೂ ಅನುಮಾನ, 30 ಲಕ್ಷ ಅಂದಾಗಲೂ ಅನುಮಾನ. ಎರಡಕ್ಕೂ ಮೂಲ ಒಂದೇ. ನಮ್ಮ ಭಾಷೆಗಳ ಪುಸ್ತಕ ವ್ಯಾಪಾರದಲ್ಲಿ ಮಾರಾಟದ ಅಂಕಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಗ್ಲಿಷ್ ಪುಸ್ತಕಗಳಿಗಾದರೆ ಅಂಗಡಿಯ ಬಿಲ್ಲಿಂಗ್‌ನಿಂದಲೇ ಅಂಕಿ ಎತ್ತುವ ನೀಲ್ಸನ್ ಬುಕ್‌ಸ್ಕ್ಯಾನ್ ಇದೆ. ಕನ್ನಡದ ಕವಿಗೆ ಅಂಥ ಕಿಟಕಿ ಇಲ್ಲ. ಅವನಿಗೆ ಇರುವುದು ಒಂದೇ ದಾರಿ. ಪ್ರಕಾಶಕರಿಗೆ ಪತ್ರ ಬರೆದು ಕಾಯುವುದು.

ಇಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಕವಿತೆಯಿಂದ ಯಾರೂ ಶ್ರೀಮಂತರಾಗುವುದಿಲ್ಲ, ಅದು ಕವಿಗೂ ಗೊತ್ತು. ಆದರೆ ಲೆಕ್ಕ ಕೊಡದೆ ಇದ್ದಾಗ, ಹಕ್ಕಿನಿಂದ ಕೇಳಬೇಕಾದ ದುಡ್ಡನ್ನು ಕೈಚಾಚಿ ಕೇಳುವ ಸ್ಥಿತಿ ಬರುತ್ತದೆ. ಕವಿಯ ಪತ್ರ ಬೇಡುವ ಪತ್ರವಾಗುವುದು ಅಲ್ಲಿಂದ.

ಇದು ಹೊಸದೇನಲ್ಲ. ಈ ಸಂಕಟ ಪೂರ್ತಿ ಕಾಣುವ ಹಳೆಯ ಪತ್ರ ಒಂದಿದೆ. ಸ್ಕಾಟ್‌ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 1796ರ ಜುಲೈ 12ರಂದು ಬರೆದದ್ದು. ಅವನಿಗೆ ಆಗ 37 ವರ್ಷ. ಡಮ್‌ಫ್ರೀಸ್ ಊರಿನಲ್ಲಿ ಅಬಕಾರಿ ಇಲಾಖೆಯ ನೌಕರಿ. ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲು ಆಗದೆ ಸಂಬಳ ಕಡಿತವಾಗುವ ಚಿಂತೆ. ಸಮುದ್ರದ ನೀರಲ್ಲಿ ನಿಂತರೆ ವಾಸಿಯಾಗುತ್ತದೆ ಎಂದು ವೈದ್ಯರು ಹೇಳಿದ್ದಕ್ಕೆ ಬ್ರೌ ಎಂಬ ಕಡಲತೀರದ ಹಳ್ಳಿಗೆ ಹೋಗಿದ್ದ. ಊರಿನ ಸ್ವಯಂಸೇವಕ ಪಡೆ ಸೇರಿದಾಗ ಹೊಲಿಸಿದ ಸಮವಸ್ತ್ರದ ಬಟ್ಟೆಯ ಬಾಕಿ ಏಳು ಪೌಂಡು ಚಿಲ್ಲರೆ ಉಳಿದಿತ್ತು. ಬಟ್ಟೆ ಅಂಗಡಿಯವನು, ಈತ ಸಾಯುತ್ತಾನೆ ಅಂದುಕೊಂಡು ಕೋರ್ಟಿನ ಮಾತೆತ್ತಿದ. ಬರ್ನ್ಸ್‌ಗೆ ಜೈಲಿನ ಭಯ ಹಿಡಿಯಿತು. ಎಡಿನ್‌ಬರೋದಲ್ಲಿದ್ದ ತನ್ನ ಹಾಡುಗಳ ಪ್ರಕಾಶಕ ಜಾರ್ಜ್ ಥಾಮ್ಸನ್‌ಗೆ ಬರೆದ. ಇಷ್ಟು ದಿನ ಸ್ವಾಭಿಮಾನ ಅಂತ ಕೊಚ್ಚಿಕೊಂಡವನು ನಾನು, ಈಗ ಹಾಳು ಕಷ್ಟ ನಿಮ್ಮ ಹತ್ತಿರ ಐದು ಪೌಂಡು ಬೇಡುವ ಹಾಗೆ ಮಾಡಿದೆ, ದಯವಿಟ್ಟು ಮರುಟಪಾಲಿಗೇ ಕಳಿಸಿ, ಅಂತ.

ಆಮೇಲೆ ಬರುವ ಮಾತನ್ನು ಓದುವಾಗ ಗಂಟಲು ಕಟ್ಟುತ್ತದೆ. ನಾನೇನು ಪುಕ್ಕಟೆ ಕೇಳುತ್ತಿಲ್ಲ, ಮೈ ಹುಷಾರಾದ ಮೇಲೆ ಐದು ಪೌಂಡು ಬೆಲೆಬಾಳುವಷ್ಟು ಒಳ್ಳೊಳ್ಳೆ ಹಾಡು ಬರೆದುಕೊಡುತ್ತೇನೆ ಎಂದು ಮಾತು ಕೊಡುತ್ತಾನೆ. ಅದೇ ಬೆಳಗ್ಗೆ ಒಂದು ಧಾಟಿಗೆ ಹಾಡು ಕಟ್ಟಲು ಕೂತಿದ್ದಾಗಿಯೂ ಬರೆಯುತ್ತಾನೆ. ಅಂದರೆ ಸಾಯುವ ಹೊತ್ತಿನಲ್ಲೂ ಕೆಲಸಕ್ಕೆ ಕೂಲಿ ಅಂತಲೇ ಕೇಳಬೇಕು ಅನ್ನಿಸಿತ್ತು ಅವನಿಗೆ. ಥಾಮ್ಸನ್ ತಡಮಾಡದೆ ಐದು ಪೌಂಡು ಕಳಿಸಿದ. ಜುಲೈ 21ಕ್ಕೆ ಬರ್ನ್ಸ್ ತೀರಿಕೊಂಡ.

ಥಾಮ್ಸನ್‌ಗೆ ಅವನು ಅದುವರೆಗೆ ನೂರಕ್ಕೂ ಹೆಚ್ಚು ಹಾಡು ಕೊಟ್ಟಿದ್ದ. ಒಂದಕ್ಕೂ ಬೆಲೆ ಕಟ್ಟಿರಲಿಲ್ಲ. 1792ರಲ್ಲಿ ಥಾಮ್ಸನ್ ಮೊದಲು ಕೇಳಿದಾಗ, ನನ್ನ ಹಾಡಿಗೆ ಬೆಲೆಯೇ ಇಲ್ಲ ಅನ್ನಿ ಅಥವಾ ಬೆಲೆಗೆ ಮೀರಿದ್ದು ಅನ್ನಿ, ದುಡ್ಡಿನ ಮಾತು ಬೇಡ ಎಂದಿದ್ದ. ಮರುವರ್ಷ ಥಾಮ್ಸನ್ ತಾನಾಗಿ ಐದು ಪೌಂಡು ಕಳಿಸಿದ್ದಕ್ಕೆ ಸಿಟ್ಟಾಗಿದ್ದ. ಇನ್ನೊಂದು ಸಲ ಹೀಗೆ ಮಾಡಿದರೆ ನಿಮ್ಮ ಸಹವಾಸವೇ ಬೇಡ ಎಂದು ಬರೆದಿದ್ದ. ಹಾಡನ್ನು ನಾಡಿನ ಸೇವೆ ಎಂದು ನಂಬಿದ್ದವನ ನಿಲುವು ಅದು. ಆ ನಿಲುವಿನ ಬಗ್ಗೆ ನನಗೆ ಗೌರವ ಇದೆ. ಆದರೆ ಮೂರು ವರ್ಷದಲ್ಲಿ ಅದೇ ಐದು ಪೌಂಡಿಗೆ ಅವನೇ ಅಂಗಲಾಚಿದ. ಮೊದಲೇ ಹಾಡಿಗೆ ಇಷ್ಟು ಎಂದು ಕಾಗದದ ಮೇಲೆ ಬರೆದಿದ್ದರೆ ಈ ಪತ್ರ ಬೇಕೇ ಇರಲಿಲ್ಲ, ಅಲ್ವಾ? ಥಾಮ್ಸನ್‌ಗೂ ಅದರಿಂದ ಒಳ್ಳೆಯದಾಗಲಿಲ್ಲ. ಅವನು 1851ರವರೆಗೆ ಬದುಕಿದ. ಕವಿಯನ್ನು ದುಡಿಸಿಕೊಂಡು ಬಿಡಿಗಾಸು ಕೊಟ್ಟವನು ಎಂಬ ಮಾತನ್ನು ಅಷ್ಟೂ ವರ್ಷ ಕೇಳಿಸಿಕೊಳ್ಳಬೇಕಾಯಿತು. ಅವನೇನು ದೊಡ್ಡ ಸಾಹುಕಾರನಲ್ಲ, ಕಚೇರಿಯೊಂದರಲ್ಲಿ ಗುಮಾಸ್ತ. ಒಪ್ಪಂದ ಇಲ್ಲದ್ದರಿಂದ ಕೆಟ್ಟದ್ದು ಇಬ್ಬರಿಗೂ ಆಯಿತು.

ಬರ್ನ್ಸ್‌ನ ಬದುಕಿನ ಹತ್ತು ವರ್ಷದಲ್ಲಿ ಪುಸ್ತಕ ಪ್ರಕಟಣೆಯ ಮೂರು ದಾರಿಗಳೂ ಸಿಗುತ್ತವೆ. ಅದಕ್ಕೇ ಅವನನ್ನು ಇಷ್ಟು ಹೊತ್ತು ಹಿಡಿದುಕೊಂಡೆ. ಮೊದಲನೆಯದು ಚಂದಾದಾರರ ದಾರಿ. 1786ರಲ್ಲಿ ಕಿಲ್ಮಾರ್ನಕ್ ಊರಿನಲ್ಲಿ ಅವನ ಮೊದಲ ಪುಸ್ತಕ 612 ಪ್ರತಿ ಅಚ್ಚಾಯಿತು. ಬೆಲೆ ಮೂರು ಶಿಲಿಂಗ್. ಅರ್ಧಕ್ಕಿಂತ ಜಾಸ್ತಿ ಪ್ರತಿ ಮೊದಲೇ ಹೆಸರು ಕೊಟ್ಟವರಿಗೇ ಹೋಯಿತು. ಖರ್ಚು ಕಳೆದು ಕೈಗೆ ದುಡ್ಡೂ ಬಂತು. ಎರಡನೆಯದು ಹಕ್ಕು ಮಾರುವ ದಾರಿ. 1787ರ ಎಡಿನ್‌ಬರೋ ಆವೃತ್ತಿಯ ಹೊತ್ತಿಗೆ ವಿಲಿಯಂ ಕ್ರೀಚ್ ಎಂಬ ಪ್ರಕಾಶಕನಿಗೆ ಕೃತಿಯ ಹಕ್ಕನ್ನೇ ನೂರು ಗಿನಿಗೆ, ಅಂದರೆ ಆಗಿನ ನೂರು ಚಿನ್ನದ ನಾಣ್ಯಕ್ಕೆ, ಕೊಟ್ಟುಬಿಟ್ಟ. ಕ್ರೀಚ್ ಲೆಕ್ಕ ಚುಕ್ತಾ ಮಾಡಿದ್ದು 1789ರಲ್ಲಿ, ಸಾಕಷ್ಟು ಅಲೆಸಿದ ಮೇಲೆ. ಮುಂದಿನ ಆವೃತ್ತಿಗೆ ಬರ್ನ್ಸ್ ಹೊಸ ಕವಿತೆಗಳನ್ನು ಸೇರಿಸಿಕೊಟ್ಟ. ಆದರೆ ಹಕ್ಕು ಮಾರಿ ಆಗಿತ್ತಲ್ಲ. ಅದಕ್ಕೆ ಪ್ರತಿಯಾಗಿ ಅವನು ಕೇಳಿದ್ದು ಓದಲು ಬೇಕಾದ ಕೆಲವು ಪುಸ್ತಕ, ಗೆಳೆಯರಿಗೆ ಹಂಚಲು ತನ್ನದೇ ಪುಸ್ತಕದ ಕೆಲವು ಪ್ರತಿ. ನಮ್ಮಲ್ಲಿ ಇದನ್ನೇ ಗೌರವ ಪ್ರತಿ ಅಂತೀವಿ. ಮೂರನೆಯದು ಥಾಮ್ಸನ್ ಜೊತೆಗಿನ ಪುಕ್ಕಟೆ ದಾರಿ.

ಕನ್ನಡದಲ್ಲಿ ಈ ಮೂರೂ ಇವೆ, ಜೊತೆಗೆ ನಾವೇ ಕಂಡುಕೊಂಡ ನಾಲ್ಕನೆಯದೂ ಇದೆ. ಚಂದಾದಾರರ ದಾರಿ ಹಿಡಿದು ಗೆದ್ದದ್ದು ಧಾರವಾಡದ ಮನೋಹರ ಗ್ರಂಥಮಾಲೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ್ದು. ವರ್ಷದ ಚಂದಾ ಕಟ್ಟಿದವರ ಮನೆಗೆ ಪುಸ್ತಕ ಬರುತ್ತಿತ್ತು. ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ತಾವೇ ಮಾರಿದರು. ಕುವೆಂಪು ಅವರ ಪುಸ್ತಕಗಳು ಮನೆಯ ಹೆಸರಿನದೇ ಉದಯರವಿ ಪ್ರಕಾಶನದಿಂದ ಬಂದವು. ಇನ್ನು ಪುಕ್ಕಟೆ ದಾರಿಯ ನೆನಪಾದರೆ ಮುದ್ದಣನ ಹೆಸರು ಬಂದೇ ಬರುತ್ತದೆ. ನಂದಳಿಕೆ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ತಾನು ಬರೆದ ಕಾವ್ಯವನ್ನು ತನ್ನದು ಎನ್ನದೆ, ಹಳೆಯ ಪ್ರತಿ ಸಿಕ್ಕಿತು ಎಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದ. ಅಲ್ಲಿ ಅಚ್ಚಾಯಿತು. ಬಡತನದಲ್ಲೇ ಕ್ಷಯ ಹಿಡಿದು 1901ರಲ್ಲಿ ಹೋದಾಗ ಅವನಿಗೆ 31 ವರ್ಷ. ಹೆಸರೇ ಹಾಕದವನು ಸಂಭಾವನೆ ಕೇಳುವುದಾದರೂ ಹೇಗೆ?

ಹಾಗಾಗಿ ಕನ್ನಡದ ಕವಿಗಳು ಹೊಟ್ಟೆಪಾಡಿಗೆ ಬೇರೆ ಕೆಲಸ ಹಿಡಿದವರೇ. ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಕಚೇರಿಯಲ್ಲಿ, ಬೇಂದ್ರೆ, ಅಡಿಗರು ಪಾಠ ಹೇಳುತ್ತಾ, ನಿಸಾರ್ ಅಹಮದ್ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಾ ಬರೆದರು. ಸಂಬಳ ಬರುವ ಕವಿಗೆ ರಾಯಲ್ಟಿ ಇಲ್ಲದಿದ್ದರೂ ನಡೆಯುತ್ತದೆ ಎನ್ನುವ ಅಭ್ಯಾಸ ಅಲ್ಲಿಂದಲೇ ಗಟ್ಟಿಯಾಯಿತು ಅಂತ ನನಗನಿಸುತ್ತದೆ. ಈಗಿನ ಕವಿಗಳನ್ನು ನೋಡಿ. ಕೊರಿಯರ್ ಹುಡುಗ, ಅತಿಥಿ ಉಪನ್ಯಾಸಕಿ, ಗುತ್ತಿಗೆ ನೌಕರ, ಕೂಲಿಯ ಮನೆಯಿಂದ ಬಂದ ವಿದ್ಯಾರ್ಥಿ. ಅವರಿಗೆ ತಿಂಗಳ ಮೊದಲ ತಾರೀಕಿಗೆ ಗ್ಯಾರಂಟಿ ಸಂಬಳ ಇಲ್ಲ. ಹಳೆಯ ಅಭ್ಯಾಸದ ಭಾರ ಬೀಳುವುದು ಅವರ ಮೇಲೆ.

ನಾಲ್ಕನೆಯ ದಾರಿ ಅಂದೆನಲ್ಲ, ಅದು ಇದು: ಕವಿಯೇ ದುಡ್ಡು ಹಾಕುವುದು. ಹೇಗೆ ನಡೆಯುತ್ತದೆ ಅಂತ ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಇದು ಲೆಕ್ಕ ಅರ್ಥವಾಗಲಿ ಅಂತ ನಾನು ಹಾಕಿದ ಅಂದಾಜು.

ನೂರು ಪುಟದ ಸಂಕಲನ. ಮುಖಬೆಲೆ 120 ರೂಪಾಯಿ. 500 ಪ್ರತಿ. ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ), ಕರಡು ತಿದ್ದುವುದು, ಮುಖಪುಟ, ಕಾಗದ, ಅಚ್ಚು, ಬೈಂಡಿಂಗ್ ಎಲ್ಲ ಸೇರಿ ಪ್ರತಿಗೆ 60 ರೂಪಾಯಿ ಎಂದುಕೊಳ್ಳಿ. ಅಲ್ಲಿಗೆ ಪ್ರಕಾಶಕರು ಹಾಕಿದ ಬಂಡವಾಳ 30,000. ಅಂಗಡಿಯವರಿಗೆ, ವಿತರಕರಿಗೆ ನೂರಕ್ಕೆ 40 ಬಿಟ್ಟರೆ ಪ್ರತಿಗೆ ಕೈಗೆ ಬರುವುದು 72. ಐನೂರೂ ಮಾರಾಟವಾದರೆ 36,000. ಕವಿಗೆ ಮುಖಬೆಲೆಯ ಮೇಲೆ ನೂರಕ್ಕೆ 10 ರಾಯಲ್ಟಿ ಅಂದರೆ 6,000. ಪ್ರಕಾಶಕರಿಗೆ ಉಳಿದದ್ದು ಸೊನ್ನೆ. 300 ಪ್ರತಿ ಮಾತ್ರ ಹೋದರೆ ಬರುವುದು 21,600. ರಾಯಲ್ಟಿ ಕೊಡುವ ಮೊದಲೇ 8,400 ನಷ್ಟ. ಗೋಡೌನ್ ಬಾಡಿಗೆ, ಅಂಚೆ ಖರ್ಚು, ಒಬ್ಬ ಹುಡುಗನ ಸಂಬಳ ಇದರಲ್ಲಿ ಸೇರಿಯೇ ಇಲ್ಲ. ಪ್ರಕಾಶಕರು ಕವಿತೆ ಅಂದರೆ ಯಾಕೆ ಹಿಂದೆ ಸರಿಯುತ್ತಾರೆ ಎನ್ನುವುದು ಈ ಅಂಕಿಯಲ್ಲೇ ಇದೆ. ಅವರನ್ನೆಲ್ಲ ಶೋಷಕರು ಅನ್ನುವುದು ಅನ್ಯಾಯ. ಕೈಯಿಂದ ಕಳೆದುಕೊಂಡು ಒಳ್ಳೆಯ ಕವಿತೆ ಪ್ರಕಟಿಸಿದ ಸಣ್ಣ ಪ್ರಕಾಶಕರು ಕನ್ನಡದಲ್ಲಿ ಬೇಕಾದಷ್ಟು ಜನ ಇದ್ದಾರೆ.

ಈ ನಷ್ಟ ತುಂಬಿಕೊಳ್ಳಲು ಪ್ರಕಾಶಕರು ಕವಿಗೆ ಹೇಳುವುದು, 'ಒಂದಿನ್ನೂರು ಪ್ರತಿ ನೀವೇ ತಗೊಳ್ಳಿ ಸಾರ್' ಅಂತ. ನೂರಕ್ಕೆ 30 ರಿಯಾಯಿತಿ ಕೊಟ್ಟರೂ ಕವಿ ಕಟ್ಟಬೇಕಾದ್ದು 16,800. ಬಿಡುಗಡೆ ಸಮಾರಂಭಕ್ಕೆ ಹಾಲ್ ಬಾಡಿಗೆ, ಬ್ಯಾನರ್, ಅತಿಥಿಗಳಿಗೆ ಶಾಲು ಹಾರ, ಬಂದವರಿಗೆ ಉಪ್ಪಿಟ್ಟು ಕಾಫಿ ಎಲ್ಲ ಬೇರೆ. ಅಲ್ಲಿಗೆ ಆ ಪುಸ್ತಕವನ್ನು ಅತಿ ಹೆಚ್ಚು ಕೊಂಡ ಗಿರಾಕಿ ಅದನ್ನು ಬರೆದವನೇ. ಇಷ್ಟಾದ ಮೇಲೆ ರಾಯಲ್ಟಿ ಎಲ್ಲಿ ಅಂತ ಕೇಳಲು ಅವನಿಗೆ ಬಾಯೇ ಬರುವುದಿಲ್ಲ. ನಿಮ್ಮ ಪುಸ್ತಕ ಹಾಕಿದ್ದೇ ದೊಡ್ಡದು ಎಂಬ ಭಾವನೆ ಎರಡೂ ಕಡೆ ಇರುತ್ತದೆ.

ಕವಿ ದುಡ್ಡು ಹಾಕುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಹಾಕಿದರೆ ಅದನ್ನು ಬಾಯಿಬಿಟ್ಟು ಹೇಳಬೇಕು, ಬರೆದಿಡಬೇಕು. ಬಂಡವಾಳ ಹಾಕಿದವನಿಗೆ ನೂರಕ್ಕೆ ಹತ್ತು ಅನ್ನುವುದು ಸರಿಯಲ್ಲ. ಮಾರಾಟದಲ್ಲಿ ಅವನ ಪಾಲು ದೊಡ್ಡದಾಗಬೇಕು. ಉಳಿದ ಪ್ರತಿಗಳು ಯಾರವು ಅನ್ನುವುದು ಮೊದಲೇ ಗೊತ್ತಿರಬೇಕು.

ಮನೆಯಲ್ಲಿರುವ ಯಾವುದಾದರೂ ಕವನ ಸಂಕಲನ ತೆಗೆದು, ಶೀರ್ಷಿಕೆ ಪುಟದ ಹಿಂಬದಿ ನೋಡಿ. ಪುಟಗಳು, ಬೆಲೆ, ಪ್ರತಿಗಳು, ಬಳಸಿದ ಕಾಗದ, ಮುದ್ರಕರು ಅಂತ ಒಂದರ ಕೆಳಗೊಂದು ಸಾಲು ಇರುತ್ತದೆ. ಕಾಗದದ ತೂಕ ಎಷ್ಟು ಜಿಎಸ್‌ಎಂ ಅಂತಲೂ ಬರೆದಿರುತ್ತಾರೆ. 'ಹಕ್ಕುಗಳು: ಲೇಖಕರದು' ಎಂಬ ಸಾಲೂ ಇರುತ್ತದೆ. ಇಷ್ಟೆಲ್ಲ ಹೇಳುವ ಆ ಪುಟವನ್ನು ಕವಿ ಪೂರ್ತಿ ನಂಬುವ ಹಾಗಿಲ್ಲ. ಹಿಂದೆ ಆಫ್‌ಸೆಟ್‌ನಲ್ಲಿ ಒಂದೇ ಸಲ ಸಾವಿರ ಪ್ರತಿ ಹಾಕುತ್ತಿದ್ದರು. ಈಗ ಡಿಜಿಟಲ್ ಮುದ್ರಣದಲ್ಲಿ 50 ಬೇಕಾದರೆ 50, ನೂರು ಬೇಕಾದರೆ ನೂರು. ಪ್ರಕಾಶಕರಿಗೆ ಇದು ವರ. ದುಡ್ಡು ಗೋಡೌನಿನಲ್ಲಿ ಕೊಳೆಯುವುದಿಲ್ಲ. ಆದರೆ ಎಷ್ಟು ಸಲ ಐವತ್ತು ಹಾಕಿದರು ಅನ್ನುವುದು ಪುಟದಲ್ಲಿ ಬರುವುದಿಲ್ಲ. 1000 ಅಂತ ಬರೆದು 200 ಹಾಕಿರಬಹುದು, 500 ಅಂತ ಬರೆದು ಬೇಡಿಕೆ ಬಂದಾಗಲೆಲ್ಲ ಮತ್ತೆ ಹಾಕಿರಬಹುದು. ಪ್ರೆಸ್ಸಿನ ಬಿಲ್ಲು ನೋಡದೆ ತಿಳಿಯುವುದಿಲ್ಲ.

ಇನ್ನೊಂದು ಗಂಟು ಸರ್ಕಾರದ ಕಡೆಯಿಂದ ಬಿದ್ದದ್ದು. ಕರ್ನಾಟಕದಲ್ಲಿ ಕವನ ಸಂಕಲನದ ದೊಡ್ಡ ಗಿರಾಕಿ ಗ್ರಂಥಾಲಯ ಇಲಾಖೆ. ಆಯ್ಕೆಯಾದ ಪುಸ್ತಕದ ಸುಮಾರು 300 ಪ್ರತಿ ಸಗಟಾಗಿ ಕೊಳ್ಳುವ ಪದ್ಧತಿ ಬೆಳೆದುಬಂದಿದೆ. ನಾವು ಮೇಲೆ ಹಾಕಿದ ಲೆಕ್ಕಕ್ಕೆ ಇದನ್ನು ಸೇರಿಸಿದರೆ ಚಿತ್ರವೇ ಬದಲಾಗುತ್ತದೆ. ಅಂಗಡಿಯಲ್ಲಿ ಹೋದದ್ದರ ಜೊತೆಗೆ ಆ 300 ಹೋದರೆ ಪ್ರಕಾಶಕರು ಉಸಿರಾಡುತ್ತಾರೆ. ಆದರೆ ಖರೀದಿ ವರ್ಷಗಟ್ಟಲೆ ತಡವಾಗುತ್ತದೆ, ಬಿಲ್ಲು ಇನ್ನೂ ತಡ. ದರ ಪುಟಕ್ಕೆ ಇಷ್ಟು ಅಂತ ನಿಗದಿಯಾಗುವುದರಿಂದ ಕವಿತೆಗೆ ಪೆಟ್ಟು ಜಾಸ್ತಿ. ನಾನೂರು ಪುಟದ ಕಾದಂಬರಿಗೂ ಎಂಬತ್ತು ಪುಟದ ಸಂಕಲನಕ್ಕೂ ಕರಡು ತಿದ್ದುವವರು, ಮುಖಪುಟ ಬರೆಯುವವರು ಬೇಕು. ಮುಖಪುಟದ ಖರ್ಚು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಸಿಗುವ ದುಡ್ಡು ಮಾತ್ರ ಐದರಲ್ಲಿ ಒಂದು ಭಾಗ.

ದುಡ್ಡಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆ ಕಟ್ಟುವಾಗ ನಾವೆಲ್ಲ ಅದರ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುತ್ತೇವೆ. ರಸೀದಿಯಲ್ಲೇ ಇರುತ್ತದೆ, ನೋಡಿ. ಆ ದುಡ್ಡನ್ನು ವಸೂಲಿ ಮಾಡಿದ ನಗರಾಡಳಿತಗಳು ಗ್ರಂಥಾಲಯಕ್ಕೆ ಸರಿಯಾಗಿ ವರ್ಗಾಯಿಸುವುದಿಲ್ಲ. ಬಾಕಿ ಬೆಳೆಯುತ್ತಾ ಹೋಗುತ್ತದೆ. ಕೊನೆಗೆ ಅದರ ಪೆಟ್ಟು ಬೀಳುವುದು ಸಾಲಿನ ಕೊನೆಯಲ್ಲಿ ನಿಂತ ಕವಿಗೆ. 'ಲೈಬ್ರರಿ ಬಿಲ್ಲು ಬರಲಿ, ಕೊಡ್ತೀನಿ' ಎಂಬ ಉತ್ತರ ಕೇಳದ ಕನ್ನಡ ಲೇಖಕರು ಕಡಿಮೆ.

ಹಾಗಾದರೆ ಕವಿಗೆ ಕಾನೂನು ಏನು ಕೊಟ್ಟಿದೆ? ತಿಳಿದುಕೊಳ್ಳದೇ ಇರುವಷ್ಟು ಕಷ್ಟದ್ದೇನಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಓದಿದರೆ ಸಾಕು. ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು, ಸಹಿ ಇರಬೇಕು. ಬಾಯಿಮಾತಿನ ವರ್ಗಾವಣೆ ಲೆಕ್ಕಕ್ಕಿಲ್ಲ. ಆ ಕಾಗದದಲ್ಲಿ ರಾಯಲ್ಟಿ ಎಷ್ಟು ಎನ್ನುವುದೂ ಬರೆದಿರಬೇಕು. ಅವಧಿ ಹೇಳದಿದ್ದರೆ ಐದು ವರ್ಷ ಅಂತ ಅರ್ಥ. ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಬೇರೆ ಮಾತು ಬರೆಯದೇ ಇದ್ದಲ್ಲಿ, ಆ ಹಕ್ಕು ಕವಿಗೇ ವಾಪಸ್. ಅಂದರೆ ಹಸ್ತಪ್ರತಿ ತೆಗೆದುಕೊಂಡು ನಾಲ್ಕು ವರ್ಷ ಮೇಜಿನ ಡ್ರಾಯರಿನಲ್ಲಿಟ್ಟುಕೊಂಡವರ ಹತ್ತಿರ ಕವಿ ಗೋಗರೆಯಬೇಕಿಲ್ಲ. ಇನ್ನೊಂದು ಕಡೆ ಕೊಡಬಹುದು. ಏನೂ ಬರೆದುಕೊಟ್ಟಿಲ್ಲದಿದ್ದರೆ ಹಕ್ಕು ಕವಿಯದೇ, ಅವರ ಕಾಲಾನಂತರವೂ 60 ವರ್ಷ ಮನೆಯವರದು.

ಅಚ್ಚಿನ ಹಕ್ಕು ಕೊಟ್ಟರೆ ಎಲ್ಲ ಕೊಟ್ಟ ಹಾಗಲ್ಲ ಅನ್ನುವುದನ್ನು ಕನ್ನಡದ ಕವಿಗಳು ವಿಶೇಷವಾಗಿ ಗಮನಿಸಬೇಕು. ನಮ್ಮಲ್ಲಿ ಕವಿತೆ ಪುಸ್ತಕದಿಂದ ಓದುಗರಿಗೆ ತಲುಪಿದ್ದಕ್ಕಿಂತ ಹಾಡಾಗಿ ತಲುಪಿದ್ದು ಜಾಸ್ತಿ. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ನಿಸಾರರ ಗೀತೆಗಳ ಕ್ಯಾಸೆಟ್ ಬಂದ ಮೇಲೆ ಸುಗಮ ಸಂಗೀತ ಮನೆಮನೆಗೂ ಹೋಯಿತು. ಇವತ್ತು ಅದೇ ಜಾಗದಲ್ಲಿ ಯೂಟ್ಯೂಬ್ ಇದೆ, ಆಡಿಯೊ ಪುಸ್ತಕ ಇದೆ, ಇ-ಪುಸ್ತಕ ಇದೆ, ಅನುವಾದ ಇದೆ. ಒಂದೊಂದೂ ಬೇರೆ ಹಕ್ಕು. 'ಎಲ್ಲ ರೂಪದ, ಎಲ್ಲ ಕಾಲದ ಹಕ್ಕು' ಎಂಬ ಒಂದು ಸಾಲಿಗೆ ಸಹಿ ಹಾಕಿದರೆ ಇವೆಲ್ಲ ಒಟ್ಟಿಗೆ ಹೋಗುತ್ತವೆ. ಪುಸ್ತಕ ಆರು ಸಾವಿರ ತರಬಹುದು. ಹಾಡು ಎಷ್ಟು ತರುತ್ತದೆ ಅಂತ ಸಹಿ ಹಾಕುವ ದಿನ ಯಾರಿಗೂ ಗೊತ್ತಿರುವುದಿಲ್ಲ. ಸಿನಿಮಾ ಗೀತಕಾರರು ಹೋರಾಡಿ, 2012ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ರಾಯಲ್ಟಿಯ ಪಾಲನ್ನು ಬಿಟ್ಟುಕೊಡಲಾಗದ ಹಕ್ಕಾಗಿ ಮಾಡಿಕೊಂಡರು. ಅವರ ಪರವಾಗಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲೇ ಗಟ್ಟಿಯಾಗಿ ಮಾತಾಡಿದರು. ಪುಸ್ತಕದ ಕವಿಗಳು ಹಾಗೆ ಒಟ್ಟಾಗಿ ನಿಂತದ್ದನ್ನು ನಾವಿನ್ನೂ ನೋಡಿಲ್ಲ.

ಕಾನೂನು ಇದೆ, ಸರಿ. ಆರು ಸಾವಿರ ರೂಪಾಯಿಗೆ ಕೋರ್ಟಿಗೆ ಹೋಗುವವರು ಯಾರು? ವಕೀಲರ ಫೀಸೇ ಅದಕ್ಕಿಂತ ಜಾಸ್ತಿ. ಊರು ಚಿಕ್ಕದು, ಸಾಹಿತ್ಯದ ಊರು ಇನ್ನೂ ಚಿಕ್ಕದು. ಇವತ್ತು ಪ್ರಕಾಶಕರಾಗಿರುವವರು ನಾಳೆ ಪ್ರಶಸ್ತಿ ಸಮಿತಿಯಲ್ಲಿರಬಹುದು, ವಿಮರ್ಶೆ ಬರೆಯುವವರ ಗೆಳೆಯರಾಗಿರಬಹುದು. ಆ ಹೆದರಿಕೆಯಿಂದಲೇ ಬಹಳ ಕವಿಗಳು ಸುಮ್ನೆ ಇದ್ದುಬಿಡುತ್ತಾರೆ. ಮೊದಲ ಪುಸ್ತಕದವರಂತೂ ಕೇಳುವುದೇ ಇಲ್ಲ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಒಳ್ಳೆಯ ಯೋಜನೆ. ಅದರ ಜೊತೆಗೇ ಒಂದು ಪುಟದ ಮಾದರಿ ಒಪ್ಪಂದವನ್ನೂ ಕೊಟ್ಟು, ಇದಕ್ಕೆ ಇಬ್ಬರೂ ಸಹಿ ಹಾಕಿದರೆ ಮಾತ್ರ ಹಣ ಅಂದರೆ ಪ್ರಾಧಿಕಾರಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಗ್ರಂಥಾಲಯ ಇಲಾಖೆಯೂ ಸಗಟು ಖರೀದಿಯ ಅರ್ಜಿಯಲ್ಲಿ ಲೇಖಕರಿಗೆ ರಾಯಲ್ಟಿ ಸಂದ ರಸೀದಿ ಕೇಳಬಹುದು. ಇಲಾಖೆ ತನ್ನ ಬಿಲ್ಲು ಸಕಾಲಕ್ಕೆ ಕೊಟ್ಟು ಆಮೇಲೆ ಇದನ್ನು ಕೇಳಿದರೆ ಪ್ರಕಾಶಕರೂ ಬೇಡ ಅನ್ನಲಾರರು.

ಇಂಗ್ಲೆಂಡಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. 1979ರ ಕಾಯ್ದೆಯ ಪ್ರಕಾರ ಸಾರ್ವಜನಿಕ ಗ್ರಂಥಾಲಯದಿಂದ ಪುಸ್ತಕ ಎರವಲು ಹೋದಷ್ಟು ಸಲ ಲೇಖಕರಿಗೆ ಕೆಲವು ಪೆನ್ಸ್ ಸಿಗುತ್ತದೆ. ಹೆಸರಾಂತ ಕಾದಂಬರಿಕಾರರೇ ಎಲ್ಲ ಬಾಚಿಕೊಳ್ಳದಿರಲಿ ಅಂತ ಒಬ್ಬರಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿಯೂ ಇದೆ. ಅದು 6,600 ಪೌಂಡು. ನೂರಕ್ಕೆ 6 ಕರ ಕಟ್ಟುವ ನಮ್ಮ ರಾಜ್ಯದಲ್ಲಿ ಇದನ್ನು ಸಣ್ಣದಾಗಿಯಾದರೂ ಶುರು ಮಾಡಲು ಸಾಧ್ಯ. ನಮ್ಮ ಗ್ರಂಥಾಲಯಗಳ ಎರವಲು ದಾಖಲೆ ಕಂಪ್ಯೂಟರಿಗೆ ಬಂದಷ್ಟೂ ಇದು ಸುಲಭ.

ಅಲ್ಲಿಯವರೆಗೆ ಕವಿ ಪತ್ರ ಬರೆಯಲೇಬೇಕು. ಹೇಗೆ ಬರೆಯಬೇಕು? ಕಷ್ಟ ಹೇಳಿಕೊಂಡು ಬರೆದರೆ ಉತ್ತರವೂ ಕನಿಕರದ ಧಾಟಿಯಲ್ಲೇ ಬರುತ್ತದೆ. ಸಿಟ್ಟಿನಿಂದ ಬರೆದರೆ ಬರುವುದೇ ಇಲ್ಲ. ನನ್ನ ಪ್ರಕಾರ ಹೀಗಿರಲಿ:

'ಮಾನ್ಯರೇ, ನಮಸ್ಕಾರ. ನನ್ನ ಕವನ ಸಂಕಲನವನ್ನು ನೀವು ಪ್ರಕಟಿಸಿದ್ದಕ್ಕೆ ಕೃತಜ್ಞತೆ ಇದೆ. ಕಳೆದ ಮಾರ್ಚ್ 31ರವರೆಗೆ ಒಟ್ಟು ಎಷ್ಟು ಪ್ರತಿ ಮುದ್ರಿಸಿದಿರಿ, ಎಷ್ಟು ಮಾರಾಟವಾದವು, ಗ್ರಂಥಾಲಯಕ್ಕೆ ಎಷ್ಟು ಹೋದವು, ಎಷ್ಟು ಉಳಿದಿವೆ ಎಂಬ ವಿವರ ದಯವಿಟ್ಟು ಬರೆದು ತಿಳಿಸಿ. ನಾವು ಮಾತಾಡಿಕೊಂಡಂತೆ ರಾಯಲ್ಟಿ ಮುಖಬೆಲೆಯ ಮೇಲೆ ನೂರಕ್ಕೆ 10. ಅದರ ಪ್ರಕಾರ ನನಗೆ ಸಲ್ಲಬೇಕಾದ ಮೊತ್ತ ತಿಳಿಸಿ. ಒಟ್ಟಿಗೆ ಕೊಡುವುದು ಕಷ್ಟವಾದರೆ ಕಂತಿನಲ್ಲಿ ಕೊಟ್ಟರೂ ಸರಿ. ಇ-ಪುಸ್ತಕ, ಆಡಿಯೊ, ಅನುವಾದದ ಹಕ್ಕು ನನ್ನಲ್ಲೇ ಇದೆ ಎಂಬುದನ್ನು ನೆನಪಿಸುತ್ತೇನೆ. ಇಂತಿ ನಿಮ್ಮ ವಿಶ್ವಾಸಿ.'

ಇದರಲ್ಲಿ ಮನೆ ಬಾಡಿಗೆಯ ಮಾತಿಲ್ಲ, ಮಗಳ ಫೀಸಿನ ಮಾತಿಲ್ಲ. ಅವು ನಿಜವೇ ಇರಬಹುದು. ಆದರೆ ಅವು ಇರಲಿ ಬಿಡಲಿ, ಲೆಕ್ಕ ಕೊಡಬೇಕಾದ್ದು ಕೊಡಲೇಬೇಕು. ಮುಖಬೆಲೆಯ ಮೇಲೋ, ಬಂದ ದುಡ್ಡಿನ ಮೇಲೋ ಎನ್ನುವುದನ್ನು ಬಿಡಿಸಿ ಬರೆದಿರುವುದು ಗಮನಿಸಿ. ಮೇಲಿನ ಉದಾಹರಣೆಯಲ್ಲಿ 300 ಪ್ರತಿ ಹೋದರೆ ಮೊದಲ ಲೆಕ್ಕದಲ್ಲಿ ಕವಿಗೆ 3,600, ಎರಡನೆಯದರಲ್ಲಿ 2,160. ಎರಡೂ 'ನೂರಕ್ಕೆ ಹತ್ತು' ಅಂತಲೇ ಕರೆಸಿಕೊಳ್ಳುತ್ತವೆ.

ಪತ್ರವನ್ನು ಇಮೇಲ್‌ನಲ್ಲಿ, ಇಲ್ಲವೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ಪ್ರತಿ ಇಟ್ಟುಕೊಳ್ಳಿ. ಬಾಕಿ ದುಡ್ಡಿಗೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯಲ್ಲಿ ಸಾಮಾನ್ಯವಾಗಿ ಮೂರು ವರ್ಷದ ಅವಧಿ. ನೀವು ಎಷ್ಟು ಪತ್ರ ಬರೆದರೂ ಅದು ಉದ್ದವಾಗುವುದಿಲ್ಲ. ಆ ಮೂರು ವರ್ಷದೊಳಗೆ ಪ್ರಕಾಶಕರು 'ಹೌದು, ಇಷ್ಟು ಬಾಕಿ ಇದೆ' ಎಂದು ಸಹಿ ಮಾಡಿ ಬರೆದುಕೊಟ್ಟರೆ, ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಆದ್ದರಿಂದ ಫೋನಿನಲ್ಲಿ 'ಕೊಡ್ತೀನಿ ಬಿಡಿ ಸಾರ್' ಎಂದಾಗ ಸಮಾಧಾನಪಟ್ಟುಕೊಳ್ಳದೆ, ಅದನ್ನೇ ಎರಡು ಸಾಲಿನಲ್ಲಿ ಬರೆದು ಕಳಿಸಿ ಎಂದು ಕೇಳಿ. ಒಳ್ಳೆಯ ಪ್ರಕಾಶಕರು ಬರೆದು ಕಳಿಸುತ್ತಾರೆ.